ಕೆನ್ನೆಗೆ ಶಾಕ್ ಹೊಡೆದರೆ ಫಿಟ್ಸ್ ಮಾತ್ರೆ ಯಾಕೆ? ಒಂದು ಪ್ರಕರಣ

ಬಲಗಡೆಯ ಎರಡು ದವಡೆ ಹಲ್ಲು ಕೀಳಿಸಿಕೊಂಡ ಮೇಲೂ ನೋವು ಹೋಗದ 58 ವರ್ಷದ ಶಿಕ್ಷಕಿಯೊಬ್ಬರ ಪ್ರಕರಣ ಇದು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಇವರಿಗೆ ಕಾರ್ಬಮಜೆಪಿನ್ ಎಂಬ ಫಿಟ್ಸ್ ಔಷಧಿ ಕೆಲಸ ಮಾಡಿತು, ನಡುವೆ ಕೈಕೊಟ್ಟಿತು, ಆಮೇಲೆ ಅದೇ ಔಷಧಿ ಇವರನ್ನು ನಡೆಯಲಾಗದ ಹಾಗೆ ಓಲಾಡಿಸಿತು. ಆ ಮಾತ್ರೆ ನರಕೋಶದಲ್ಲಿ ಎಲ್ಲಿ ಹೋಗಿ ಕೂರುತ್ತದೆ ಅನ್ನೋದು ಗೊತ್ತಿದ್ದರೆ ಈ ಮೂರೂ ಒಂದೇ ಕಥೆ. ಗೊತ್ತಿಲ್ಲದಿದ್ದರೆ ಮೂರು ಬೇರೆ ಬೇರೆ ಕಾಯಿಲೆ ಬಂದ ಹಾಗೆ ಕಾಣುತ್ತದೆ. ಇವರ ಮನೆಯವರಿಗೆ ಕಂಡಿದ್ದೂ ಹಾಗೇ.

ಮೊದಲು ನೋವಿನ ವಿಷಯ. "ಡಾಕ್ಟ್ರೇ, ಕರೆಂಟ್ ಹೊಡೆದ ಹಾಗೆ ಆಗುತ್ತೆ. ಒಂದು ಎರಡು ಅಂತ ಎಣಿಸೋದ್ರೊಳಗೆ ಮುಗಿದಿರುತ್ತೆ, ಆದ್ರೆ ಅಷ್ಟರಲ್ಲಿ ಕಣ್ಣಲ್ಲಿ ನೀರು ಬಂದಿರುತ್ತೆ" ಅಂದರು. ಹಲ್ಲುಜ್ಜುವಾಗ, ಮುಖ ತೊಳೆಯುವಾಗ, ಊಟದ ಮೊದಲ ತುತ್ತಿಗೆ, ಕಿಟಕಿಯ ಗಾಳಿ ಬಡಿದರೆ, ಕೆಲವೊಮ್ಮೆ ಪಾಠ ಮಾಡಲು ಬಾಯಿ ತೆರೆದರೆ ಸಾಕು. ಬಲ ಕೆನ್ನೆ ಮತ್ತು ಕೆಳದವಡೆಯಲ್ಲಿ ಮಾತ್ರ. ಒಂದು ಸಲ ಹೊಡೆದ ಮೇಲೆ ಸ್ವಲ್ಪ ಹೊತ್ತು ಏನು ಮಾಡಿದರೂ ಹೊಡೆಯುವುದಿಲ್ಲ, ಆ ಬಿಡುವಿನಲ್ಲೇ ಬೇಗ ಬೇಗ ನಾಲ್ಕು ತುತ್ತು ತಿಂದು ಮುಗಿಸುವುದನ್ನು ಇವರು ಕಲಿತಿದ್ದರು. ಎರಡು ಶಾಕ್‌ಗಳ ನಡುವೆ ನೋವು ಸೊನ್ನೆ.

ಮಾತಾಡುವಾಗ ಇವರ ಬಲಗೈ ಕೆನ್ನೆಯ ಹತ್ತಿರ ಹೋಗುತ್ತಿತ್ತು, ಆದರೆ ಮುಟ್ಟುತ್ತಿರಲಿಲ್ಲ, ಒಂದು ಇಂಚು ದೂರದಲ್ಲೇ ನಿಂತುಬಿಡುತ್ತಿತ್ತು. ಹಲ್ಲುನೋವಿನವರು ಕೆನ್ನೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದು ಕೂರುತ್ತಾರೆ, ಇವರದು ತದ್ವಿರುದ್ಧ. ತುಟಿಯ ಎಡಭಾಗದಿಂದ ಮಾತ್ರ ಮಾತಾಡುತ್ತಿದ್ದರು. ಹತ್ತಿಯ ಎಳೆಯನ್ನು ಮೂಗಿನ ಪಕ್ಕ ಮೆಲ್ಲಗೆ ತಾಗಿಸಿದ್ದಕ್ಕೆ ಮುಖ ಹಿಂಡಿಕೊಂಡು ಬಿಟ್ಟರು. ಅದೇ ಜಾಗದಲ್ಲಿ ಪಿನ್ನಿನ ಮೊನೆ ಒತ್ತಿದರೆ "ಚುಚ್ಚಿತು" ಅಂದರು, ಅಷ್ಟೇ, ಶಾಕ್ ಇಲ್ಲ. ಸ್ಪರ್ಶ ಎಲ್ಲಾ ಕಡೆ ಸರಿಯಾಗಿ ಗೊತ್ತಾಗುತ್ತಿತ್ತು.

ಇಷ್ಟು ಕೇಳಿದ ಮೇಲೆ ಇದು ಟ್ರೈಜೆಮಿನಲ್ ನ್ಯೂರಾಲ್ಜಿಯಾ, ಅಂದರೆ ಮುಖದ ನರದ ನೋವು, ಅಂತ ಹೇಳಲು ಸ್ಕ್ಯಾನ್ ಬೇಕಿರಲಿಲ್ಲ. ಆದರೂ ಎಂಆರ್‌ಐ ಮಾಡಿಸಲೇಬೇಕು, ಯಾಕೆಂದರೆ ಗಡ್ಡೆಯೋ, ನರಗಳ ಹೊದಿಕೆ ಹಾಳಾಗುವ ಮಲ್ಟಿಪಲ್ ಸ್ಕ್ಲೀರೋಸಿಸ್ಸೋ ಇದ್ದರೆ ದಾರಿಯೇ ಬೇರೆ. ಅವೆರಡೂ ಇರಲಿಲ್ಲ. ಕಂಡಿದ್ದು ಸುರುಳಿಯಾದ ಒಂದು ರಕ್ತನಾಳ, ಕಿರುಮೆದುಳಿನ ಮೇಲ್ಭಾಗಕ್ಕೆ ಹೋಗುವ ಧಮನಿ. ಮುಖದ ಸಂವೇದನೆ ಹೊತ್ತು ತರುವ ಐದನೇ ನರ ಮಿದುಳುಕಾಂಡವನ್ನು ಸೇರುವ ಬುಡದಲ್ಲೇ ಅದು ನರಕ್ಕೆ ಒತ್ತಿಕೊಂಡಿತ್ತು.

ಈ ನರದ ಒಳಗೆ ಸಾವಿರಾರು ಎಳೆಗಳಿವೆ. ಪ್ರತಿಯೊಂದು ದಪ್ಪ ಎಳೆಗೂ ಮಯಲಿನ್ ಎಂಬ ಕೊಬ್ಬಿನ ಹೊದಿಕೆ. ಧಮನಿ ವರ್ಷಗಟ್ಟಲೆ ಒಂದೇ ಜಾಗಕ್ಕೆ ಬಡಿಯುತ್ತಿದ್ದರೆ ಅಲ್ಲಿ ಹೊದಿಕೆ ಸವೆಯುತ್ತದೆ, ಬರಿಮೈಯಾದ ಎಳೆಗಳು ಒಂದಕ್ಕೊಂದು ತಾಗಿಕೊಳ್ಳುತ್ತವೆ. ರಬ್ಬರ್ ಸುಲಿದ ವೈರುಗಳು ಒಂದಕ್ಕೊಂದು ತಾಗಿದ ಹಾಗೆ ಅಂದುಕೊಳ್ಳಿ. ಸ್ಪರ್ಶ ಹೊತ್ತು ಹೊರಟ ಎಳೆಯ ಸಂಕೇತ ಪಕ್ಕದ ನೋವಿನ ಎಳೆಗೆ ಹಾರುತ್ತದೆ. ಅಷ್ಟೇ ಅಲ್ಲ, ಸವೆದ ಜಾಗದ ಎಳೆಗಳು ಒಂದು ಸಲ ಕೆರಳಿದರೆ ಒಂದೇ ಸಂಕೇತ ಕಳಿಸಿ ಸುಮ್ಮನಾಗುವುದಿಲ್ಲ, ಸಾಲು ಸಾಲಾಗಿ ಕಳಿಸುತ್ತವೆ, ಪಕ್ಕದವನ್ನೂ ಕೆರಳಿಸುತ್ತವೆ. ಕೆಲವು ಸೆಕೆಂಡಿನಲ್ಲಿ ಸುಸ್ತಾಗಿ ನಿಲ್ಲುತ್ತವೆ. ಆ ಸುಸ್ತಿನ ಹೊತ್ತೇ ಇವರು ನಾಲ್ಕು ತುತ್ತು ತಿನ್ನುತ್ತಿದ್ದ ಬಿಡುವು. ಹತ್ತಿಯ ಎಳೆಗೆ ಶಾಕ್ ಹೊಡೆದು ಪಿನ್ನಿಗೆ ಹೊಡೆಯದಿರುವುದೂ ಇದಕ್ಕೆ ಹೊಂದುತ್ತದೆ, ಬೆಂಕಿ ಹಚ್ಚುವುದು ಸ್ಪರ್ಶದ ದಪ್ಪ ಎಳೆಗಳು.

ಇವರು ಅಲ್ಲಿಯವರೆಗೆ ನುಂಗಿದ್ದ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫಿನಾಕ್ ಯಾವುದೂ ಕೆಲಸ ಮಾಡಿರಲಿಲ್ಲ. ಮಾಡುವುದೂ ಇಲ್ಲ. ಐಬುಪ್ರೊಫೆನ್ ಥರದ ಮಾತ್ರೆಗಳು ಊದಿಕೊಂಡ, ಗಾಯವಾದ ಜಾಗದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ತಯಾರಾಗುವುದನ್ನು ತಡೆದು ನೋವು ಇಳಿಸುತ್ತವೆ. ಇಲ್ಲಿ ಕೆನ್ನೆಯಲ್ಲಾಗಲೀ ಹಲ್ಲಿನಲ್ಲಾಗಲೀ ಗಾಯವೂ ಇಲ್ಲ, ಊತವೂ ಇಲ್ಲ. ಸಂಕೇತ ಹುಟ್ಟುತ್ತಿರುವುದು ದಾರಿಯ ನಡುವೆ. ಹಲ್ಲು ಕಿತ್ತಿದ್ದೂ ಅದೇ ಕಾರಣಕ್ಕೆ ವ್ಯರ್ಥ. ಹಲ್ಲಿನ ವೈದ್ಯರನ್ನು ಬೈಯೋದು ಸುಲಭ, ಆದರೆ ರೋಗಿ ಬೆರಳಿಟ್ಟು ಇದೇ ಹಲ್ಲು ಅಂತ ತೋರಿಸುವಾಗ ಎಡವುವವರು ಬಹಳ ಜನ.

ಮಾತ್ರೆ ಹಿಡಿಯುವುದು ನೋವನ್ನಲ್ಲ, ವೇಗವನ್ನು

ಕಾರ್ಬಮಜೆಪಿನ್ ಬರೆದುಕೊಟ್ಟಾಗ ಅವರ ಮೊದಲ ಪ್ರಶ್ನೆ, "ಇದು ಫಿಟ್ಸ್ ಮಾತ್ರೆ ಅಲ್ವಾ? ನನಗೆ ಫಿಟ್ಸ್ ಎಲ್ಲಿದೆ?" ಇಂಟರ್‌ನೆಟ್ ನೋಡಿಯೇ ಬಂದಿದ್ದರು. ನ್ಯಾಯವಾದ ಪ್ರಶ್ನೆ.

ನರಕೋಶದ ಪೊರೆಯಲ್ಲಿ ಸೋಡಿಯಂ ಚಾನೆಲ್‌ಗಳು ಅಂತ ಇವೆ, ಸೋಡಿಯಂ ಒಳಬರುವ ಸಣ್ಣ ಬಾಗಿಲುಗಳು. ಸುಮ್ಮನಿರುವಾಗ ಅವು ಮುಚ್ಚಿರುತ್ತವೆ, ಕೋಶದ ಒಳಗಿನ ವೋಲ್ಟೇಜ್ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕೆಳಗಿರುತ್ತದೆ. ಪ್ರಚೋದನೆ ಬಂದು ಆ ವ್ಯತ್ಯಾಸ ಒಂದು ಮಟ್ಟಕ್ಕೆ ಕಡಿಮೆಯಾದ ಕೂಡಲೇ ಚಾನೆಲ್‌ಗಳು ತೆರೆದುಕೊಳ್ಳುತ್ತವೆ, ಸೋಡಿಯಂ ಒಳಗೆ ನುಗ್ಗುತ್ತದೆ, ಅದೇ ಸಂಕೇತ. ಒಂದು ಮಿಲಿಸೆಕೆಂಡಿನಷ್ಟರಲ್ಲಿ ಚಾನೆಲ್ ತಾನಾಗಿಯೇ ಬಂದ್ ಆಗುತ್ತದೆ. ಆದರೆ ಇದು ಮೊದಲಿನ ಮುಚ್ಚಿದ ಸ್ಥಿತಿ ಅಲ್ಲ, ಮೂರನೆಯ ಒಂದು ಸ್ಥಿತಿ. ಈ ಜಡ ಸ್ಥಿತಿಯಲ್ಲಿ ಎಷ್ಟೇ ಪ್ರಚೋದಿಸಿದರೂ ಚಾನೆಲ್ ತೆರೆಯುವುದಿಲ್ಲ. ವೋಲ್ಟೇಜ್ ಮತ್ತೆ ಕೆಳಗಿಳಿದು ಕೆಲವು ಮಿಲಿಸೆಕೆಂಡ್ ಕಳೆದ ಮೇಲೆ ಅದು ಚೇತರಿಸಿಕೊಂಡು ಮುಂದಿನ ಸಂಕೇತಕ್ಕೆ ತಯಾರಾಗುತ್ತದೆ.

ಕಾರ್ಬಮಜೆಪಿನ್ ಚೆನ್ನಾಗಿ ಅಂಟಿಕೊಳ್ಳುವುದು ಈ ಜಡ ಸ್ಥಿತಿಯ ಚಾನೆಲ್‌ಗೇ. ಅಂಟಿಕೊಂಡು ಅದರ ಚೇತರಿಕೆಯನ್ನು ತಡಮಾಡುತ್ತದೆ. ಪೂರ್ತಿ ಮುಚ್ಚಿಬಿಡುವುದಿಲ್ಲ, ತಡಮಾಡುತ್ತದೆ ಅಷ್ಟೇ. ನಿಧಾನಕ್ಕೆ ಸಂಕೇತ ಕಳಿಸುವ ನರಕೋಶಕ್ಕೆ ಇದರಿಂದ ಏನೂ ಆಗದು: ಎರಡು ಸಂಕೇತಗಳ ನಡುವೆ ಬೇಕಾದಷ್ಟು ಸಮಯ ಇದೆ, ಔಷಧಿ ಕಳಚಿಕೊಳ್ಳುತ್ತದೆ, ಚಾನೆಲ್ ತಯಾರಾಗುತ್ತದೆ. ಅದೇ ಕೋಶ ಸೆಕೆಂಡಿಗೆ ನೂರಾರು ಸಂಕೇತ ಕಳಿಸಲು ಹೊರಟರೆ ಪ್ರತಿ ಸುತ್ತಿಗೂ ಇನ್ನಷ್ಟು ಚಾನೆಲ್‌ಗಳು ಔಷಧಿಗೆ ಸಿಕ್ಕಿಕೊಳ್ಳುತ್ತವೆ, ನಾಲ್ಕಾರು ಸುತ್ತು ಆಗುವಷ್ಟರಲ್ಲಿ ತೆರೆಯಲು ಸಾಕಷ್ಟು ಚಾನೆಲ್ಲೇ ಉಳಿದಿರುವುದಿಲ್ಲ, ಸಾಲು ಅಲ್ಲಿಗೇ ಕಡಿದುಹೋಗುತ್ತದೆ. ಹೊದಿಕೆ ಸವೆದ ಜಾಗದಲ್ಲಿ ವೋಲ್ಟೇಜ್ ಸರಿಯಾಗಿ ಕೆಳಗಿಳಿಯದೇ ಇದ್ದರೆ ಅಲ್ಲಿ ಜಡ ಚಾನೆಲ್‌ಗಳೂ ಜಾಸ್ತಿ, ಔಷಧಿಗೆ ಹಿಡಿತವೂ ಜಾಸ್ತಿ.

ಫಿಟ್ಸ್ ಅಂದರೂ ಇದೇ ಅಲ್ವಾ? ಮಿದುಳಿನ ಒಂದು ಭಾಗದ ನರಕೋಶಗಳು ಒಟ್ಟೊಟ್ಟಿಗೆ, ಅತಿ ವೇಗವಾಗಿ, ಬಿಡುವಿಲ್ಲದೆ ಸಂಕೇತ ಕಳಿಸುವುದು. ಮಾತ್ರೆಗೆ ಅದು ಮಿದುಳೋ ಮುಖದ ನರವೋ ಗೊತ್ತಿಲ್ಲ. ವೇಗ ಮಾತ್ರ ಗೊತ್ತು. ಹಾಗಾಗಿಯೇ ಇವರ ಕೆನ್ನೆಯ ಶಾಕ್ ನಿಂತ ಮೇಲೂ ಕೆನ್ನೆಯ ಸ್ಪರ್ಶ ಮೊದಲಿನ ಹಾಗೇ ಇತ್ತು. ಹಲ್ಲು ಕೀಳುವಾಗ ಕೊಡುವ ಲಿಗ್ನೊಕೇನ್ ಇಂಜೆಕ್ಷನ್ ಕೂಡ ಸೋಡಿಯಂ ಚಾನೆಲ್ಲನ್ನೇ ಹಿಡಿಯುವುದು. ಆದರೆ ಅಲ್ಲಿ ಒಂದೇ ಜಾಗಕ್ಕೆ ಎಷ್ಟು ಸಾಂದ್ರವಾಗಿ ಸುರಿಯುತ್ತಾರೆ ಅಂದರೆ ನಿಧಾನ, ವೇಗ ಅನ್ನುವ ಭೇದ ಉಳಿಯದೆ ಎಲ್ಲವೂ ಮರಗಟ್ಟುತ್ತದೆ.

ಈ ಎರಡು ಕಾಯಿಲೆಗಳ ನಂಟನ್ನು ಚಾನೆಲ್ ಅಂದರೇನು ಅಂತ ಗೊತ್ತಾಗುವ ಮೊದಲೇ ಊಹಿಸಿದವರಿದ್ದಾರೆ. 19ನೇ ಶತಮಾನದಲ್ಲಿ ಫ್ರಾನ್ಸಿನ ವೈದ್ಯ ಅರ್ಮಾಂ ಟ್ರೂಸೋ ಮುಖದ ಈ ನೋವನ್ನು ಮೂರ್ಛೆಯಂಥ ನರನೋವು ಅಂತಲೇ ಕರೆದಿದ್ದರು, ಹಠಾತ್ತಾಗಿ ಬಂದು ಹಠಾತ್ತಾಗಿ ಹೋಗುವುದನ್ನು ನೋಡಿ. 1938ರಲ್ಲಿ ಫೆನಿಟಾಯಿನ್ ಫಿಟ್ಸ್‌ಗೆ ಬಂತು, 1942ರಲ್ಲಿ ಬರ್ಗೂನ್ಯಾಂ ಎಂಬ ಇನ್ನೊಬ್ಬ ಫ್ರೆಂಚ್ ವೈದ್ಯರು ಅದನ್ನು ಈ ನೋವಿಗೆ ಕೊಟ್ಟು ನೋಡಿದರು. ಕಾರ್ಬಮಜೆಪಿನ್ ಸ್ವಿಟ್ಜರ್ಲೆಂಡಿನ ಗೈಗಿ ಕಂಪನಿಯಲ್ಲಿ 1953ರಲ್ಲಿ ತಯಾರಾಯಿತು, 1962ರಲ್ಲಿ ಸ್ವೀಡನ್ನಿನ ಬ್ಲೂಮ್ ಇದು ಮುಖದ ನರನೋವಿಗೆ ಕೆಲಸ ಮಾಡುತ್ತದೆ ಅಂತ ವರದಿ ಮಾಡಿದರು. ಅಮೆರಿಕದಲ್ಲಿ ಇದಕ್ಕೆ ಮೊದಲು ಅನುಮತಿ ಸಿಕ್ಕಿದ್ದು ಈ ನೋವಿಗೇ, 1968ರಲ್ಲಿ. ಫಿಟ್ಸ್‌ಗೆ ಸಿಕ್ಕಿದ್ದು ಆಮೇಲೆ. ಅದನ್ನು ಹೇಳಿದ ಮೇಲೆ ಶಿಕ್ಷಕಿಗೆ ಸ್ವಲ್ಪ ಸಮಾಧಾನ ಆಯಿತು.

ಶುರು, ಮತ್ತು ನಾಲ್ಕನೇ ವಾರ

ಮಾತ್ರೆ ಕೊಡುವ ಮೊದಲು ರಕ್ತಕಣಗಳ ಎಣಿಕೆ, ಲಿವರ್, ಸೋಡಿಯಂ ನೋಡಿದೆವು. ಸೋಡಿಯಂ 138, ಸರಿಯಿತ್ತು. ಬಿಪಿಗೆ ತೆಗೆದುಕೊಳ್ಳುತ್ತಿದ್ದ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಹೈಡ್ರೊಕ್ಲೋರೊಥಯಜೈಡ್ ಬೆರೆತಿತ್ತು, ಅದನ್ನು ಕೇಸ್ ಶೀಟಿನಲ್ಲಿ ಗುರುತು ಹಾಕಿಟ್ಟೆವು, ಮುಂದೆ ಬರುತ್ತದೆ. ಎಚ್‌ಎಲ್‌ಎ-ಬಿ 15:02 ಎಂಬ ಜೀನ್ ಪರೀಕ್ಷೆಯೂ ಆಯಿತು. ಏಷ್ಯಾ ಮೂಲದ ಹಲವು ಜನಾಂಗಗಳಲ್ಲಿ ಈ ಜೀನ್ ಇರುವವರಿಗೆ ಕಾರ್ಬಮಜೆಪಿನ್ ಕೊಟ್ಟರೆ ಚರ್ಮ ಸುಟ್ಟ ಹಾಗೆ ಕಿತ್ತುಬರುವ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಬರುವ ಸಾಧ್ಯತೆ ತುಂಬಾ ಜಾಸ್ತಿ. ಇವರಲ್ಲಿ ಇರಲಿಲ್ಲ. ಆದರೂ ಮೊದಲ ಎರಡು ಮೂರು ತಿಂಗಳು ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು, ಜ್ವರ ಕಂಡರೆ ಮಾತ್ರೆ ನಿಲ್ಲಿಸಿ ತಕ್ಷಣ ಬನ್ನಿ ಅಂತ ಬರೆದುಕೊಟ್ಟೆವು. ಜೀನ್ ಇಲ್ಲದವರಿಗೂ ಅಲರ್ಜಿ ಆಗಬಹುದು.

100 ಮಿಲಿಗ್ರಾಂ ದಿನಕ್ಕೆ ಎರಡು ಸಲದಿಂದ ಶುರು. ಮೂರನೇ ದಿನವೇ ಫೋನ್, "ಅರ್ಧಕ್ಕರ್ಧ ಇಲ್ಲ ಡಾಕ್ಟ್ರೇ!" ಒಂದು ವಾರದಲ್ಲಿ ದಿನಕ್ಕೆ 400ಕ್ಕೆ ಏರಿಸಿದ ಮೇಲೆ ನೋವು ಪೂರ್ತಿ ಹೋಯಿತು. ತೂಕಡಿಕೆ ಇತ್ತು, ಮೆಲ್ಲಗೆ ಕಡಿಮೆಯಾಯಿತು. ಈ ಕಾಯಿಲೆಯಲ್ಲಿ ಕಾರ್ಬಮಜೆಪಿನ್ ಮೊದಮೊದಲು ಇಷ್ಟು ಬೇಗ ಕೆಲಸ ಮಾಡುವುದು ಮಾಮೂಲು. ಚಾನೆಲ್ಲಿಗೆ ನೇರವಾಗಿ ಅಂಟುವ ಔಷಧಿ, ರಕ್ತದಲ್ಲಿ ಮಟ್ಟ ಏರಿದ ಕೂಡಲೇ ಕೆಲಸ ಶುರು. ಎರಡನೇ ವಾರ ರಕ್ತದಲ್ಲಿ ಔಷಧಿಯ ಮಟ್ಟ ಮಿಲಿಲೀಟರಿಗೆ 6.8 ಮೈಕ್ರೊಗ್ರಾಂ ಇತ್ತು.

ನಾಲ್ಕನೇ ವಾರದ ಕೊನೆಗೆ ಶಾಕ್ ಮತ್ತೆ ಶುರುವಾಯಿತು. ಮಾತ್ರೆ ಒಂದೂ ತಪ್ಪಿಸಿರಲಿಲ್ಲ. ಮನೆಯವರ ಪ್ರಕಾರ ಮೈಗೆ ಮಾತ್ರೆ ಒಗ್ಗಿಹೋಗಿದೆ, ಇನ್ನು ಇದು ಕೆಲಸಕ್ಕೆ ಬಾರದು. ರಕ್ತ ನೋಡಿದರೆ ಅದೇ 400 ಮಿಲಿಗ್ರಾಮಿಗೆ ಮಟ್ಟ 4.1ಕ್ಕೆ ಇಳಿದಿತ್ತು.

ಒಗ್ಗಿಹೋಗಿದ್ದು ನರ ಅಲ್ಲ, ಲಿವರ್. ಕಾರ್ಬಮಜೆಪಿನ್ ಅನ್ನು ಒಡೆದು ಹಾಕುವುದು ಲಿವರಿನ ಸಿವೈಪಿ 3ಎ4 ಎಂಬ ಕಿಣ್ವ. ತಮಾಷೆ ಏನೆಂದರೆ ಈ ಔಷಧಿಯೇ ಲಿವರ್ ಕೋಶಗಳ ಒಳಹೊಕ್ಕು ಆ ಕಿಣ್ವವನ್ನು ಜಾಸ್ತಿ ತಯಾರಿಸುವ ಹಾಗೆ ಮಾಡುತ್ತದೆ. ತನ್ನ ನಾಶಕ್ಕೆ ತಾನೇ ಏರ್ಪಾಡು ಮಾಡಿಕೊಳ್ಳುವ ಔಷಧಿ. ಮೊದಲ ಡೋಸಿನ ಅರ್ಧ ಭಾಗ ಮೈಯಿಂದ ಹೋಗಲು 25ರಿಂದ 65 ಗಂಟೆ ಹಿಡಿಯುತ್ತದೆ, ಮೂರರಿಂದ ಐದು ವಾರ ಕಳೆದರೆ ಅದು 12ರಿಂದ 17 ಗಂಟೆಗೆ ಇಳಿಯುತ್ತದೆ. ಆಮೇಲೆ ಅಲ್ಲೇ ನಿಲ್ಲುತ್ತದೆ, ಇನ್ನೂ ಇನ್ನೂ ಇಳಿಯುತ್ತಾ ಹೋಗುವುದಿಲ್ಲ. ಹಾಗಾಗಿ ನಾಲ್ಕನೇ ವಾರ ನೋವು ಮರಳಿದರೆ ಮಾತ್ರೆ ಸೋತಿತು ಅಂತ ಬದಲಾಯಿಸಬಾರದು, ಡೋಸ್ ಏರಿಸಬೇಕು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗೆ ಬದಲಿಸಿ ದಿನಕ್ಕೆ 600 ಮಾಡಿದೆವು, ಮಟ್ಟ 6.3ಕ್ಕೆ ಬಂತು, ಶಾಕ್ ನಿಂತಿತು. ಸೋಡಿಯಂ ಆಗ 134. ಸ್ವಲ್ಪ ಇಳಿದಿದೆ, ನೋಡುತ್ತಿರೋಣ ಅಂದುಕೊಂಡೆವು.

ಇದೇ ಕಿಣ್ವ ಬೇರೆ ನೂರಾರು ಔಷಧಿಗಳನ್ನೂ ಒಡೆಯುತ್ತದೆ. ಗರ್ಭನಿರೋಧಕ ಮಾತ್ರೆ, ಕೆಲವು ಬಿಪಿ ಮಾತ್ರೆ, ಕೊಲೆಸ್ಟರಾಲ್ ಇಳಿಸುವ ಕೆಲವು ಸ್ಟ್ಯಾಟಿನ್‌ಗಳು ಕಾರ್ಬಮಜೆಪಿನ್ ಜೊತೆ ಬಲ ಕಳೆದುಕೊಳ್ಳುತ್ತವೆ. ಹಾಗೆಯೇ ಈ ಕಿಣ್ವವನ್ನು ಕಟ್ಟಿಹಾಕುವ ಔಷಧಿಗಳೂ ಇವೆ.

ಕುಡಿದವರ ಹಾಗೆ ನಡೆಯುತ್ತಿದ್ದಾರೆ ಅಂತ ಕರೆತಂದರು

ಮೂರನೇ ತಿಂಗಳು. ಕೆಮ್ಮು, ಜ್ವರ ಅಂತ ಬೇರೆ ಕಡೆ ತೋರಿಸಿದ್ದರು, ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯೋಟಿಕ್ 500 ದಿನಕ್ಕೆರಡು ಬರೆದಿದ್ದರು. ಕೆಮ್ಮು ಕಡಿಮೆಯಾಗುತ್ತಿತ್ತು. ಐದನೇ ದಿನ ಬೆಳಿಗ್ಗೆ ಎದ್ದವರಿಗೆ ಎಲ್ಲವೂ ಎರಡೆರಡು ಕಾಣುತ್ತಿತ್ತು, ಎರಡು ಸಲ ವಾಂತಿ, ಗೋಡೆ ಹಿಡಿಯದೆ ನಡೆಯಲಾಗುತ್ತಿಲ್ಲ. ಸ್ಟ್ರೋಕ್ ಅಂತ ಹೆದರಿ ಕರೆತಂದರು. ಹೆದರಿದ್ದು ತಪ್ಪಲ್ಲ. ಇಂಥ ಲಕ್ಷಣಕ್ಕೆ ಮೊದಲು ಸ್ಟ್ರೋಕನ್ನೇ ಯೋಚಿಸಬೇಕು. ಸಿಟಿ ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಅದರಲ್ಲಿ ಏನೂ ಇಲ್ಲ ಅಂದ ಮಾತ್ರಕ್ಕೆ ಕಿರುಮೆದುಳಿನ ಸ್ಟ್ರೋಕ್ ಇಲ್ಲ ಅಂತ ಹೇಳಲಾಗದು, ಹಾಗಾಗಿ ಮೈ ಪರೀಕ್ಷೆಯನ್ನೇ ನಂಬಬೇಕಾಯಿತು.

ಕೈಕಾಲಿನ ಬಲ ಎರಡೂ ಕಡೆ ಸರಿ. ಮುಖ ಸೊಟ್ಟ ಇಲ್ಲ. ಎಡಕ್ಕೆ ನೋಡಿ ಅಂದರೆ ಕಣ್ಣುಗುಡ್ಡೆ ಎಡಕ್ಕೆ ಅದುರುತ್ತಿತ್ತು, ಬಲಕ್ಕೆ ನೋಡಿ ಅಂದರೆ ಬಲಕ್ಕೆ. ನಿಮ್ಮ ಮೂಗು ಮುಟ್ಟಿ ನನ್ನ ಬೆರಳು ಮುಟ್ಟಿ ಮೇಡಂ ಅಂದರೆ ಎರಡೂ ಕೈ ಗುರಿಯ ಹತ್ತಿರ ಬಂದು ತಡವರಿಸುತ್ತಿದ್ದವು. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯಲು ಹೇಳಿದಾಗ ಎರಡನೇ ಹೆಜ್ಜೆಗೇ ಪಕ್ಕಕ್ಕೆ ವಾಲಿದರು, ಇನ್ನೊಂದು ಸಲ ಇನ್ನೊಂದು ಪಕ್ಕಕ್ಕೆ. ಎಲ್ಲವೂ ಎರಡೂ ಕಡೆ ಸಮ ಸಮ. ಸ್ಟ್ರೋಕ್ ಸಾಮಾನ್ಯವಾಗಿ ಇಷ್ಟು ಸಮಪಾಲು ಮಾಡುವುದಿಲ್ಲ, ರಕ್ತದಲ್ಲಿ ಹರಿಯುವ ವಿಷ ಮಾಡುತ್ತದೆ. ಚೀಲದಲ್ಲಿ ಏನೇನು ಮಾತ್ರೆ ಇದೆ ತೋರಿಸಿ ಅಂದಾಗ ಕ್ಲಾರಿಥ್ರೊಮೈಸಿನ್ ಸ್ಟ್ರಿಪ್ ಹೊರಬಂತು. ಅಲ್ಲಿಗೆ ಮುಕ್ಕಾಲು ಭಾಗ ಮುಗಿದ ಹಾಗೆ.

ಕಾರ್ಬಮಜೆಪಿನ್ ಮಟ್ಟ 15.1. ಸಾಮಾನ್ಯವಾಗಿ 4ರಿಂದ 12ರ ನಡುವೆ ಇರಲಿ ಅನ್ನುತ್ತಾರೆ. ಮಾತ್ರೆ ಒಂದೂ ಹೆಚ್ಚು ತೆಗೆದುಕೊಂಡಿರಲಿಲ್ಲ. ಕ್ಲಾರಿಥ್ರೊಮೈಸಿನ್ ಅದೇ 3ಎ4 ಕಿಣ್ವಕ್ಕೆ ಅಂಟಿಕೊಂಡು ಅದನ್ನು ಕೆಲಸಕ್ಕೆ ಬಾರದ ಹಾಗೆ ಮಾಡುತ್ತದೆ. ಒಳಗೆ ಬರುವ ಔಷಧಿ ಅಷ್ಟೇ, ಹೊರಹೋಗುವ ದಾರಿ ಮುಚ್ಚಿದೆ, ದಿನದಿಂದ ದಿನಕ್ಕೆ ಮಟ್ಟ ಏರುತ್ತಾ ಹೋಗಿ ಐದನೇ ದಿನ ಲಕ್ಷಣ ಹೊರಬಿತ್ತು. ಎರಿಥ್ರೊಮೈಸಿನ್ ಕೂಡ ಇದನ್ನೇ ಮಾಡುತ್ತದೆ. ಅಜಿಥ್ರೊಮೈಸಿನ್ ಅದೇ ಕುಟುಂಬದ್ದಾದರೂ ಈ ಕಿಣ್ವದ ತಂಟೆಗೆ ಹೋಗುವುದು ಇಲ್ಲವೆನ್ನುವಷ್ಟು ಕಡಿಮೆ.

ಔಷಧಿ ಜಾಸ್ತಿಯಾದರೆ ಓಲಾಟ ಮತ್ತು ಎರಡೆರಡು ಕಾಣುವುದೇ ಯಾಕೆ, ಕೈಕಾಲು ಬಲ ಹೋಗುವುದೋ ಮಾತು ನಿಲ್ಲುವುದೋ ಯಾಕಲ್ಲ? ನನಗೆ ಈ ಪ್ರಕರಣದಲ್ಲಿ ಬಹಳ ಇಷ್ಟವಾದ ಭಾಗ ಇದು. ಈ ಔಷಧಿ ವೇಗವನ್ನು ಹಿಡಿಯುತ್ತದೆ ಅಂದೆ. ನಡಿಗೆಯ ಸಮತೋಲನ ನೋಡಿಕೊಳ್ಳುವ ಕಿರುಮೆದುಳಿನ ಪುರ್ಕಿಂಜೆ ಕೋಶಗಳು ಯಾರೂ ಕೆಣಕದಿದ್ದರೂ ಸೆಕೆಂಡಿಗೆ ಹತ್ತಾರು ಸಂಕೇತ ಕಳಿಸುತ್ತಲೇ ಇರುತ್ತವೆ. ಕಣ್ಣನ್ನು ಒಂದೇ ಕಡೆ ನಿಲ್ಲಿಸಿಡುವ ನರಕೋಶಗಳು, ಒಳಕಿವಿಯಿಂದ ಸಮತೋಲನದ ಸುದ್ದಿ ತರುವ ನರಗಳು, ಇವುಗಳದ್ದೂ ಬಿಡುವಿಲ್ಲದ ಕೆಲಸ. ಆರೋಗ್ಯವಾಗಿದ್ದರೂ ವೇಗವಾಗಿ ಓಡುವ ಕೋಶಗಳು ಇವು. ಮಟ್ಟ 6 ಇದ್ದಾಗ ಕಾಯಿಲೆಯ ಅತಿವೇಗ ಮಾತ್ರ ಸಿಕ್ಕಿಬೀಳುತ್ತದೆ. 15 ಆದಾಗ ಇವುಗಳ ಸಹಜ ವೇಗವೂ ಸಿಕ್ಕಿಬೀಳುತ್ತದೆ ಅನ್ನೋದು ಒಪ್ಪುವಂಥ ವಿವರಣೆ. ಹೀಗೆ ನೋಡಿದರೆ ಅಡ್ಡಪರಿಣಾಮ ಅನ್ನೋದು ಪರಿಣಾಮಕ್ಕಿಂತ ಬೇರೆ ಏನಲ್ಲ, ಅದೇ ಹಿಡಿತ ಬೇಡದ ಜಾಗಕ್ಕೂ ಚಾಚಿದ್ದು. ಆ ಐದು ದಿನ ಕೆನ್ನೆಯಲ್ಲಿ ಒಂದೇ ಒಂದು ಶಾಕ್ ಇರಲಿಲ್ಲ, ಅದನ್ನೂ ಅವರೇ ಹೇಳಿದರು, ಅಂಥ ಸ್ಥಿತಿಯಲ್ಲೂ.

ಸೋಡಿಯಂ 131ಕ್ಕೆ ಇಳಿದಿತ್ತು. ಕಾರ್ಬಮಜೆಪಿನ್ ಮೈಯಲ್ಲಿ ನೀರನ್ನು ಹಿಡಿದಿಡುವ ಹಾರ್ಮೋನಿನ ಪ್ರಭಾವ ಹೆಚ್ಚಿಸಿ ರಕ್ತದ ಸೋಡಿಯಂ ತೆಳುವಾಗಿಸುತ್ತದೆ, ಹೈಡ್ರೊಕ್ಲೋರೊಥಯಜೈಡ್ ಮೂತ್ರದಲ್ಲಿ ಸೋಡಿಯಂ ಕಳೆಯುತ್ತದೆ. ಎರಡೂ ಸೇರಿದರೆ ಹೀಗೆ. 131 ಈ ಮಟ್ಟದ ಓಲಾಟಕ್ಕೆ ತಾನೊಂದೇ ಕಾರಣ ಆಗಲಾರದು, ಆದರೆ ವಾಂತಿ, ಮಂಕು ಹೆಚ್ಚಿಸಲು ಸಾಕು. ಸೋಡಿಯಂ ಒಂದನ್ನೇ ನೋಡಿ ಇದೇ ಕಾರಣ ಅಂತ ಕೈತೊಳೆದುಕೊಂಡಿದ್ದರೆ ಕ್ಲಾರಿಥ್ರೊಮೈಸಿನ್ ಇನ್ನೂ ಎರಡು ದಿನ ಒಳಗೆ ಹೋಗುತ್ತಿತ್ತು.

ಇಸಿಜಿ ಮಾಡಿದೆವು, ಯಾಕೆಂದರೆ ಹೃದಯದ ವಿದ್ಯುತ್ ದಾರಿಯಲ್ಲೂ ಸೋಡಿಯಂ ಚಾನೆಲ್‌ಗಳಿವೆ, ಮಟ್ಟ ಮಿತಿಮೀರಿದಾಗ ಅಲ್ಲೂ ತಡೆ ಬರಬಹುದು. ಸರಿಯಿತ್ತು. ಕ್ಲಾರಿಥ್ರೊಮೈಸಿನ್ ಮತ್ತು ಥಯಜೈಡ್ ನಿಲ್ಲಿಸಿ, ಕಾರ್ಬಮಜೆಪಿನ್ ಎರಡು ಡೋಸ್ ಮಾತ್ರ ತಪ್ಪಿಸಿದೆವು. ಪೂರ್ತಿ ನಿಲ್ಲಿಸಲಿಲ್ಲ. ಫಿಟ್ಸ್ ಇರುವವರಲ್ಲಿ ಹಠಾತ್ ನಿಲ್ಲಿಸಿದರೆ ಫಿಟ್ಸ್ ಮುಗಿಬೀಳುವ ಅಪಾಯ, ಇವರಲ್ಲಿ ಶಾಕ್ ಮರಳುವ ಭಯ. ಮಾರನೇ ದಿನ ಮಟ್ಟ 12.4, ಮೂರನೇ ದಿನ 8.2. ಎರಡೆರಡು ಕಾಣುವುದು ನಿಂತಿತು, ನಡಿಗೆ ಸರಿಯಾಯಿತು. ಲಿವರ್ ಹೊಸ ಕಿಣ್ವ ತಯಾರಿಸಿಕೊಳ್ಳುವವರೆಗೆ 400, ಆಮೇಲೆ ಹಂತಹಂತವಾಗಿ 600.

"ನನ್ನ ಕ್ಯಾಪ್ಸೂಲ್ ಯಾಕೆ ಕೊಡಲಿಲ್ಲ?"

ಪತಿ ಕೇಳಿದ ಪ್ರಶ್ನೆ. ಅವರಿಗೆ ಸಕ್ಕರೆ ಕಾಯಿಲೆ, ಪಾದದ ಉರಿಗೆ ಪ್ರಿಗಬಾಲಿನ್ 75 ದಿನಕ್ಕೆರಡು ತೆಗೆದುಕೊಳ್ಳುತ್ತಾರೆ, ಚೆನ್ನಾಗಿ ಒಗ್ಗಿದೆ. ಅದೂ ನರನೋವಿನ ಔಷಧಿ, ಇದೂ ನರನೋವಿನ ಔಷಧಿ, ಅದಕ್ಕೆ ಲಿವರಿನ ರಗಳೆಯೂ ಇಲ್ಲವಂತೆ. ಶಾಕ್ ಶುರುವಾದ ಹೊಸದರಲ್ಲಿ ಹೆಂಡತಿಗೂ ತಮ್ಮದರಿಂದ ನಾಲ್ಕು ದಿನ ಕೊಟ್ಟು ನೋಡಿದ್ದರು. ಶಾಕ್ ನಿಲ್ಲಲಿಲ್ಲ, ನಿದ್ದೆ ಬಂತು. ಮನೆಯಲ್ಲಿ ಮಾತ್ರೆ ಹಂಚಿಕೊಳ್ಳುವ ಪ್ರೀತಿಗೆ ಏನು ಹೇಳೋಣ.

ಪ್ರಿಗಬಾಲಿನ್ ಮತ್ತು ಅದರ ಅಣ್ಣ ಗ್ಯಾಬಾಪೆಂಟಿನ್ ಸೋಡಿಯಂ ಚಾನೆಲ್ಲಿಗೆ ಹೋಗುವುದೇ ಇಲ್ಲ. ಗ್ಯಾಬಾಪೆಂಟಿನ್ ಅನ್ನು ಮಿದುಳನ್ನು ಶಾಂತವಾಗಿಡುವ ಗಾಬಾ ಎಂಬ ರಾಸಾಯನಿಕದ ಹೋಲಿಕೆಯಲ್ಲಿ ತಯಾರಿಸಿದ್ದು. ಆದರೆ ಅದು ಗಾಬಾ ಕೂರುವ ಜಾಗದಲ್ಲಿ ಕೂರುವುದಿಲ್ಲ. ಕೂರುವುದು ಕ್ಯಾಲ್ಸಿಯಂ ಚಾನೆಲ್ಲಿನ ಆಲ್ಫಾ-2-ಡೆಲ್ಟಾ ಎಂಬ ಬಿಡಿಭಾಗದ ಮೇಲೆ ಅಂತ ಗೊತ್ತಾಗಿದ್ದು 1996ರಲ್ಲಿ, ಅಂದರೆ ಅಮೆರಿಕದಲ್ಲಿ ಮಾರಾಟಕ್ಕೆ ಅನುಮತಿ ಸಿಕ್ಕು ಎರಡು ವರ್ಷಕ್ಕೂ ಹೆಚ್ಚು ಆದ ಮೇಲೆ. ಕೆಲಸ ಮಾಡುವುದು ಮೊದಲು, ಹೇಗೆ ಅಂತ ತಿಳಿಯುವುದು ಆಮೇಲೆ. ಔಷಧಿ ಲೋಕದಲ್ಲಿ ಇದು ಹೊಸದೇನಲ್ಲ.

ನೋವಿನ ನರ ಬೆನ್ನುಹುರಿಗೆ ಬಂದು ಮುಗಿಯುವ ತುದಿಯಲ್ಲಿ ಕ್ಯಾಲ್ಸಿಯಂ ಒಳಗೆ ಬಂದರೆ ಮಾತ್ರ ಗ್ಲುಟಮೇಟ್ ಥರದ ರಾಸಾಯನಿಕ ಹೊರಬಿದ್ದು ಸುದ್ದಿ ಮುಂದಿನ ಕೋಶಕ್ಕೆ ದಾಟುತ್ತದೆ. ನರ ಹಾಳಾದಾಗ ಆ ತುದಿಯಲ್ಲಿ ಆಲ್ಫಾ-2-ಡೆಲ್ಟಾ ಹೆಚ್ಚಾಗುತ್ತದೆ, ಅದರ ಜೊತೆ ಕ್ಯಾಲ್ಸಿಯಂ ಚಾನೆಲ್‌ಗಳೂ ಹೆಚ್ಚು ಬಂದು ಸೇರುತ್ತವೆ, ಸಣ್ಣ ಸುದ್ದಿಯೂ ದೊಡ್ಡದಾಗಿ ದಾಟುತ್ತದೆ. ಪ್ರಿಗಬಾಲಿನ್ ಆ ಬಿಡಿಭಾಗವನ್ನು ಹಿಡಿದು ಚಾನೆಲ್‌ಗಳು ತುದಿಯನ್ನು ತಲುಪುವುದನ್ನೇ ಕಡಿಮೆ ಮಾಡುತ್ತದೆ. ಅದರ ಪೂರ್ತಿ ಗುಣ ಕಾಣಲು ದಿನಗಳು, ವಾರಗಳು ಹಿಡಿಯುವುದಕ್ಕೆ ಇದೂ ಒಂದು ಕಾರಣ. ಪತಿಯ ಪಾದದಲ್ಲಿ ಇಪ್ಪತ್ನಾಲ್ಕು ಗಂಟೆ ಒಂದೇ ಸಮನೆ ಉರಿ, ದಾಟುವ ಜಾಗದಲ್ಲಿ ಸದ್ದು ತಗ್ಗಿಸಿದರೆ ಪ್ರಯೋಜನ. ಹೆಂಡತಿಯ ಕೆನ್ನೆಯಲ್ಲಿ ಸವೆದ ಜಾಗದಿಂದ ಸೆಕೆಂಡುಗಳ ಸಿಡಿತ, ಹುಟ್ಟುವ ಕಡೆಯೇ ಕಡಿಯಬೇಕು. ಪ್ರಿಗಬಾಲಿನ್, ಗ್ಯಾಬಾಪೆಂಟಿನ್ ಟ್ರೈಜೆಮಿನಲ್‌ಗೆ ಕೊಡಬಾರದು ಅಂತಲ್ಲ, ಕಾರ್ಬಮಜೆಪಿನ್ ಆಗದವರಿಗೆ ಅಥವಾ ಅದರ ಜೊತೆಗೆ ಕೊಡುವುದುಂಟು. ಮೊದಲ ಆಯ್ಕೆ ಮಾತ್ರ ಅಲ್ಲ.

ರಗಳೆ ಇಲ್ಲ ಅನ್ನೋದೂ ಅರ್ಧ ಸತ್ಯ. ಇವೆರಡನ್ನೂ ಲಿವರ್ ಮುಟ್ಟುವುದಿಲ್ಲ ನಿಜ, ಬಹುಪಾಲು ಬಂದ ಹಾಗೇ ಮೂತ್ರದಲ್ಲಿ ಹೋಗುತ್ತವೆ. ಅಂದರೆ ಎಲ್ಲಾ ಭಾರ ಕಿಡ್ನಿ ಮೇಲೆ. ಗ್ಯಾಬಾಪೆಂಟಿನ್ ಆರೋಗ್ಯವಂತರ ಮೈಯಿಂದ ಅರ್ಧ ಹೋಗಲು 5ರಿಂದ 7 ಗಂಟೆ ಸಾಕು, ಮೂತ್ರವೇ ಆಗದ ಕಿಡ್ನಿ ರೋಗಿಗಳಲ್ಲಿ ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ಸುಮಾರು 132 ಗಂಟೆ ಹಿಡಿಯುತ್ತದೆ. ಸಕ್ಕರೆ ಕಾಯಿಲೆಯವರ ಕಿಡ್ನಿ ಸದ್ದಿಲ್ಲದೆ ಸೊರಗುತ್ತಿರುತ್ತದೆ, ಅದೇ ಡೋಸ್ ಎರಡು ವರ್ಷದ ನಂತರ ಮಂಪರು, ಕೈಕಾಲು ಎಗರುವುದು, ಬೀಳುವುದು ತರಬಹುದು. ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಪತಿಗೆ ಬಹಳ ದಿನದಿಂದ ಆಗಿರಲಿಲ್ಲ, ಅದನ್ನೂ ಬರೆದುಕೊಟ್ಟೆವು. ಟ್ರಮಡಾಲ್, ಮಾರ್ಫಿನ್ ಥರದ ಔಷಧಿ ಜೊತೆ ಸೇರಿದರೆ ಉಸಿರು ಮಂದವಾಗುವ ಅಪಾಯವೂ ಇದೆ, ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಇದಕ್ಕೆಂದೇ ಎಚ್ಚರಿಕೆ ಕೊಟ್ಟಿದೆ.

ಫಿಟ್ಸ್ ಮಾತ್ರೆಗಳೆಲ್ಲ ನರನೋವಿಗೆ ಆಗುತ್ತವೆ ಅನ್ನುವ ಹಾಗೂ ಇಲ್ಲ. ಲೆವೆಟಿರಾಸಿಟಮ್ ಫಿಟ್ಸ್‌ಗೆ ಒಳ್ಳೆಯ ಔಷಧಿ, ನರನೋವಿನ ಪ್ರಯೋಗಗಳಲ್ಲಿ ಸೋತಿತು. ಅದು ಕೂರುವ ಜಾಗ ಬೇರೆಯೇ. ಕಾರ್ಬಮಜೆಪಿನ್ ಕೂಡ ಎಲ್ಲಾ ಫಿಟ್ಸ್‌ಗೆ ಆಗುವುದಿಲ್ಲ, ಮಕ್ಕಳು ಕ್ಷಣಕಾಲ ಕಲ್ಲಾದ ಹಾಗೆ ನಿಂತುಬಿಡುವ ಆಬ್ಸೆನ್ಸ್ ಫಿಟ್ಸನ್ನು ಅದು ಜಾಸ್ತಿಯೇ ಮಾಡಬಹುದು. ಇನ್ನು ಅಮಿಟ್ರಿಪ್ಟಿಲಿನ್, ಡುಲೊಕ್ಸೆಟಿನ್ ಖಿನ್ನತೆಯ ಮಾತ್ರೆಗಳು. ಮಿದುಳಿನಿಂದ ಬೆನ್ನುಹುರಿಗೆ ಇಳಿದು ನೋವಿನ ಸುದ್ದಿಯನ್ನು ತಡೆಯುವ ನರಗಳಿವೆ, ಅವು ಬಳಸುವ ನಾರ್‌ಅಡ್ರಿನಲಿನ್ ಮತ್ತು ಸೆರೊಟೋನಿನ್ ಹೆಚ್ಚು ಹೊತ್ತು ಉಳಿಯುವ ಹಾಗೆ ಮಾಡಿ ಇವು ನೋವು ಇಳಿಸುತ್ತವೆ. ಅಮಿಟ್ರಿಪ್ಟಿಲಿನ್ ಖಿನ್ನತೆಗೆ ಬೇಕಾದಷ್ಟು ನೋವಿಗೆ ಬೇಕಿಲ್ಲ, 10 ಮಿಲಿಗ್ರಾಮಿನಿಂದ ಶುರು ಮಾಡುತ್ತಾರೆ. ಪಾದದ ಉರಿಗೆ ಪ್ರಿಗಬಾಲಿನ್ ಸಾಲದಾದರೆ ಪತಿಗೆ ಮುಂದಿನ ದಾರಿ ಅದು.

ಈಗ

ಶಿಕ್ಷಕಿ ನಿಧಾನ ಬಿಡುಗಡೆಯ ಕಾರ್ಬಮಜೆಪಿನ್ 600ರಲ್ಲಿದ್ದಾರೆ. ಬಿಪಿ ಮಾತ್ರೆಯಿಂದ ಥಯಜೈಡ್ ತೆಗೆದ ಮೇಲೆ ಸೋಡಿಯಂ 136. ಹಲ್ಲುಜ್ಜುವಾಗ ಅಪರೂಪಕ್ಕೊಮ್ಮೆ ಸಣ್ಣಗೆ ಚುರ್ ಅನ್ನುತ್ತದಂತೆ, ಅದಕ್ಕೆ ಡೋಸ್ ಏರಿಸುವುದು ಬೇಡ ಅಂತ ಇಬ್ಬರೂ ಒಪ್ಪಿದ್ದೇವೆ. ಮಟ್ಟದ ಸಂಖ್ಯೆಗಿಂತ ಅವರ ಊಟ, ಮಾತು, ನಡಿಗೆ ಹೇಗಿದೆ ಅನ್ನೋದೇ ಇಲ್ಲಿ ಮುಖ್ಯ. 4ರಿಂದ 12 ಅನ್ನುವ ಲೆಕ್ಕ ಬಂದಿರುವುದೂ ಫಿಟ್ಸ್ ರೋಗಿಗಳಿಂದ. ಔಷಧಿ ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಇಂಕಿನಲ್ಲಿ ಬರೆದಿದ್ದೇವೆ: ಕ್ಲಾರಿಥ್ರೊಮೈಸಿನ್, ಎರಿಥ್ರೊಮೈಸಿನ್ ಬೇಡ, ಫ್ಲುಕೊನಜೋಲ್, ವೆರಪಮಿಲ್, ಡಿಲ್ಟಿಯಜೆಮ್ ಕೇಳದೆ ಬೇಡ. ಯಾವ ವೈದ್ಯರ ಹತ್ತಿರ ಹೋದರೂ ಮೊದಲು ಆ ಪುಟ ತೋರಿಸುತ್ತಾರೆ. "ಮಕ್ಕಳ ಹೋಂವರ್ಕ್ ಪುಸ್ತಕದ ಥರ ಎಲ್ಲರ ಹತ್ರ ಸಹಿ ಹಾಕಿಸ್ಕೊಂಡು ಬರ್ತೀನಿ" ಅಂತ ನಗುತ್ತಾರೆ.

ಶಸ್ತ್ರಚಿಕಿತ್ಸೆಯ ಮಾತೂ ಆಗಿದೆ. ಧಮನಿಗೂ ನರಕ್ಕೂ ನಡುವೆ ಟೆಫ್ಲಾನ್ ತುಂಡು ಇಟ್ಟು ಬಡಿತ ತಪ್ಪಿಸುವ ಆಪರೇಷನ್, ಅಮೆರಿಕದ ನರಶಸ್ತ್ರವೈದ್ಯ ಪೀಟರ್ ಜಾನೆಟ್ಟಾ ಇದನ್ನು ಬಳಕೆಗೆ ತಂದವರು. ದೊಡ್ಡ ಸರಣಿಯೊಂದರಲ್ಲಿ ಹತ್ತು ವರ್ಷದ ನಂತರವೂ ಸುಮಾರು 70 ಶೇಕಡಾ ಜನರಿಗೆ ಒಳ್ಳೆಯ ಫಲಿತಾಂಶ ಉಳಿದಿತ್ತು. ಮೂಲವನ್ನೇ ಸರಿಪಡಿಸುವುದು ಇದೊಂದೇ, ಆದರೆ ತಲೆಬುರುಡೆ ತೆರೆಯಬೇಕು, ಕಿವಿ ಕೇಳಿಸದಂತಾಗುವಂಥ ಅಪಾಯಗಳೂ ಇವೆ. ಮಾತ್ರೆಯಲ್ಲಿ ಪಾಠ ಮಾಡಲು ಆಗುತ್ತಿರುವವರೆಗೆ ಬೇಡ ಅನ್ನುವುದು ಅವರ ತೀರ್ಮಾನ. ನನಗೂ ಸದ್ಯಕ್ಕೆ ಅದು ಸರಿ ಅನ್ನಿಸುತ್ತದೆ.

ಈ ಕಾಯಿಲೆಯಲ್ಲಿ ತಿಂಗಳುಗಟ್ಟಲೆ ನೋವೇ ಇಲ್ಲದ ಕಾಲವೂ ಬರುತ್ತದೆ. ಹಾಗೆ ಬಂದರೆ ಎರಡು ಮೂರು ವಾರಕ್ಕೊಮ್ಮೆ 100 ಮಿಲಿಗ್ರಾಂ ಇಳಿಸುತ್ತಾ ಹೋಗುವ ಯೋಚನೆ ಇದೆ. ಆಗ ಲಿವರಿನ ಕಿಣ್ವವೂ ನಿಧಾನಕ್ಕೆ ಹಳೆಯ ಮಟ್ಟಕ್ಕೆ ಇಳಿಯುತ್ತದೆ. ಅವರಿಗೆ ಈ ನಡುವೆ ಕೊಲೆಸ್ಟರಾಲ್‌ಗೆ ಅಟೊರ್ವಸ್ಟಾಟಿನ್ ಶುರುವಾಗಿದೆ, ಅದನ್ನು ಒಡೆಯುವುದೂ ಇದೇ ಕಿಣ್ವ. ಹಾಗಾಗಿ ಕಾರ್ಬಮಜೆಪಿನ್ ಇಳಿಸುವ ಕಾಲಕ್ಕೆ ಅದರ ಡೋಸನ್ನೂ ಮತ್ತೊಮ್ಮೆ ನೋಡಬೇಕು. ಮುಂದಿನ ಸೋಡಿಯಂ ಪರೀಕ್ಷೆ ಮೂರು ತಿಂಗಳಿಗೆ.